ತಡ್ಕೊಂಡವಳೇ ಗಟ್ಟಿಗಿತ್ತಿ ಅಲ್ಲ!

ಈಜು, ಸೈಕಲ್, ಓಟ ಮೂರನ್ನೂ ಒಂದೇ ಉಸಿರಿಗೆ ಮಾಡುವ ಟ್ರಯಥ್ಲಾನ್ ಈಗ ನಮ್ಮ ಮನೆಗಳಿಗೂ ಕಾಲಿಟ್ಟಿದೆ. ಮಗಳೋ, ಯಜಮಾನರೋ, ಅಥವಾ ನೀವೇ ಅದಕ್ಕೆ ಇಳಿದಿದ್ದರೆ ಮೈ ಹೇಳುವ ಮಾತನ್ನು ಕೇಳಿಸಿಕೊಳ್ಳುವುದು ಹೇಗೆ?

"ಯಾಕೇ ಮಗ, ಕಾಲು ಎಳ್ಕೊಂಡು ನಡೀತಿದೀಯಾ?"

ಬೇಸಿಗೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ನನ್ನ ತವರು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ. ಬಸ್ಸಿಳಿದು ಮನೆ ಮುಟ್ಟಿ ಇನ್ನೂ ಕಾಲಿಗೆ ನೀರು ಹಾಕಿಕೊಂಡಿರಲಿಲ್ಲ. ಜಗಲಿ ಮೇಲೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದ ನಮ್ಮಮ್ಮ ಮೊಮ್ಮಗಳನ್ನು ಕೇಳಿದ ಮೊದಲ ಮಾತೇ ಇದು.

"ಏನಿಲ್ಲ ಅಜ್ಜಿ, ಓಡಿ ಓಡಿ ಸ್ವಲ್ಪ ನೋವು" ಅಂದಳು ಮಗಳು. ಹದಿನೇಳು ವರ್ಷದವಳು. ಟ್ರಯಥ್ಲಾನ್ ಮಾಡುತ್ತೇನೆ ಅಂತ ಹಟ ಹಿಡಿದು, ಬೆಳಗಿನ ಜಾವ ಈಜು, ಸಂಜೆ ಓಟ, ಭಾನುವಾರ ಸೈಕಲ್ ಅಂತ ಮೂರು ತಿಂಗಳಿಂದ ಒಂದೇ ಸಮನೆ ತಯಾರಿ ನಡೆಸಿದ್ದಳು. ಸ್ಪರ್ಧೆಗೆ ಇನ್ನು ಎರಡು ವಾರ ಇತ್ತು. ಕಾಲು ನೋವು ಅಂತ ಮೂರು ವಾರದಿಂದ ನನ್ನ ಹತ್ತಿರವೂ ಹೇಳುತ್ತಲೇ ಇದ್ದಳು. ನಾನೇನು ಹೇಳಿದ್ದೆ ಗೊತ್ತಾ? "ಇಷ್ಟು ದಿನ ಕಷ್ಟಪಟ್ಟಿದೀಯ, ಇನ್ನೆರಡು ವಾರ ತಡ್ಕೋ."

ಅಮ್ಮ ಮೊಮ್ಮಗಳ ಕಾಲನ್ನು ತೊಡೆ ಮೇಲೆ ಎಳೆದುಕೊಂಡು, ಮಂಡಿ ಕೆಳಗಿನ ಉದ್ದ ಮೂಳೆ ಮೇಲೆ ಹೆಬ್ಬೆರಳಿನಿಂದ ಒತ್ತುತ್ತಾ ಬಂದರು. ಒಂದು ಕಡೆ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಹುಡುಗಿ "ಅಮ್ಮಾ" ಅಂತ ಕಿರುಚಿಕೊಂಡಳು. "ಇದು ಮಾಂಸದ ನೋವಲ್ಲ ಕಣೇ, ಮೂಳೇದು. ಮೊದ್ಲು ಹೋಗಿ ಡಾಕ್ಟ್ರಿಗೆ ತೋರ್ಸು" ಅಂದರು ನನಗೆ. ಮುಖದಲ್ಲಿ ಸ್ವಲ್ಪ ಸಿಟ್ಟೂ ಇತ್ತು.

ಬೆಂಗಳೂರಿಗೆ ವಾಪಸು ಬಂದು ಎಕ್ಸ್‌ರೇ ತೆಗೆಸಿದೆವು. ಅದರಲ್ಲಿ ಏನೂ ಕಾಣಲಿಲ್ಲ. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಡಾಕ್ಟರು "ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ" ಅಂತ ಎಂಆರ್‌ಐ ಬರೆದುಕೊಟ್ಟರು. ಅದರಲ್ಲಿ ಸಿಕ್ಕಿತು: ಮೂಳೆಯಲ್ಲಿ ಸಣ್ಣ ಬಿರುಕು. ಸ್ಟ್ರೆಸ್ ಫ್ರಾಕ್ಚರ್ ಅಂತ ಅದರ ಹೆಸರು. ಬಿದ್ದಿಲ್ಲ, ಏಟು ತಿಂದಿಲ್ಲ, ಆದರೂ ಮೂಳೆ ಬಿರಿದಿತ್ತು!

ಆ ಎರಡು ತಿಂಗಳಲ್ಲಿ ನಾನು ಕಲಿತದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕು ಅಂತಲೇ ಈ ಬರಹ.

ಏನಿದು ಟ್ರಯಥ್ಲಾನ್?

ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಮಧ್ಯೆ ವಿಶ್ರಾಂತಿ ಇಲ್ಲ. ಬಟ್ಟೆ, ಬೂಟು ಬದಲಿಸುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಈಗಿನ ರೂಪದ ಟ್ರಯಥ್ಲಾನ್ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ 1974ರಲ್ಲಿ ಶುರುವಾಯಿತು. 1978ರಲ್ಲಿ ಹವಾಯಿ ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ ನಡೆದಾಗ ಅಖಾಡಕ್ಕಿಳಿದವರು 15 ಮಂದಿ, ಎಲ್ಲರೂ ಗಂಡಸರೇ. ಮರುವರ್ಷವೇ ಲಿನ್ ಲೆಮೇರ್ ಎಂಬ ಹೆಣ್ಣುಮಗಳು ಒಬ್ಬಳೇ ಇಳಿದು, ಗಂಡಸರ ನಡುವೆ ಐದನೆಯವಳಾಗಿ ಮುಗಿಸಿದಳು ನೋಡಿ! 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಬಾರಿ ಒಲಿಂಪಿಕ್ಸ್ ಸೇರಿತು.

ದೂರದಲ್ಲಿ ನಾಲ್ಕಾರು ಬಗೆ ಇದೆ. ಸಾಮಾನ್ಯವಾಗಿ ಹೊಸಬರು ಆರಿಸಿಕೊಳ್ಳುವ ಸ್ಪ್ರಿಂಟ್‌ನಲ್ಲಿ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ದೂರ ಇದರ ಎರಡರಷ್ಟು. ಪೂರ್ಣ ಐರನ್‌ಮ್ಯಾನ್ ಅಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದಾದ ಮೇಲೆ 42.2 ಕಿ.ಮೀ. ಮ್ಯಾರಥಾನ್! ಅದರ ಅರ್ಧದ ಸ್ಪರ್ಧೆ ಗೋವಾದಲ್ಲಿ 2019ರಲ್ಲಿ ಶುರುವಾದ ಮೇಲೆ ನಮ್ಮ ಬೆಂಗಳೂರಿನಲ್ಲೂ ಇದರ ಹುಚ್ಚು ಏರಿತು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರ್‌ನಲ್ಲಿ ಇದನ್ನು ಸುಮಾರು ಎಂಟೂವರೆ ಗಂಟೆಯಲ್ಲಿ ಮುಗಿಸಿದ್ದು ಎಲ್ಲರಿಗೂ ನೆನಪಿರಬೇಕು. ಆದರೆ ಅವರು 2022ರಲ್ಲಿ ಅಲ್ಲಿಗೇ ರಿಲೇ ತಂಡದ ಜೊತೆ ಹೋಗಿ ಸೈಕಲ್ ಭಾಗ ಮಾತ್ರ ಮಾಡಿ ಬಂದಿದ್ದರು. ಮೂರನ್ನೂ ಒಬ್ಬರೇ ಮಾಡಿದ್ದು ಎರಡು ವರ್ಷ ಬಿಟ್ಟು. ಈ ಎರಡು ವರ್ಷವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹೆಣ್ಣುಮಕ್ಕಳೇನು ಹಿಂದೆ ಬಿದ್ದಿಲ್ಲ. ಬೆಂಗಳೂರಿನ ನಂಟಿರುವ ಅನು ವೈದ್ಯನಾಥನ್ 2009ರಲ್ಲೇ ಕೆನಡಾದ ಅಲ್ಟ್ರಾಮ್ಯಾನ್ ಮುಗಿಸಿದವರು. ಮೂರು ದಿನದಲ್ಲಿ 10 ಕಿ.ಮೀ. ಈಜು, 420 ಕಿ.ಮೀ. ಸೈಕಲ್, 84 ಕಿ.ಮೀ. ಓಟ. ಕೇಳಿದರೇ ಸುಸ್ತಾಗುತ್ತೆ ಅಲ್ವಾ?

ಬೀಳದೇ ಆಗುವ ಗಾಯ

ಟ್ರಯಥ್ಲಾನ್ ಅಂದಕೂಡಲೇ ನಮಗೆ ಹೆದರಿಕೆ ಆಗುವುದು ಸೈಕಲ್ಲಿನಿಂದ ಬೀಳುವುದು, ನೀರಲ್ಲಿ ಮುಳುಗುವುದು. ಆ ಹೆದರಿಕೆ ಸುಳ್ಳಲ್ಲ. ಆದರೆ ಈ ಆಟದವರನ್ನು ಡಾಕ್ಟರ ಬಳಿ ಕಳಿಸುವ ತೊಂದರೆಗಳಲ್ಲಿ ಹೆಚ್ಚಿನವು ಬಿದ್ದು ಆದವಲ್ಲ. ಒಂದೇ ಕೆಲಸವನ್ನು ಸಾವಿರಾರು ಸಲ ಮಾಡಿ ಮಾಡಿ ಆದವು. ಮೂರರಲ್ಲೂ ಹೆಚ್ಚು ತೊಂದರೆ ಕೊಡುವುದು ಓಟ.

ಬೀರುವಿನಲ್ಲಿಟ್ಟ ರೇಷ್ಮೆ ಸೀರೆ ನೆನಪಿಸಿಕೊಳ್ಳಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಏನಾಗುತ್ತೆ? ಯಾರೂ ಎಳೆಯದೇ ಇದ್ದರೂ ಆ ಮಡಿಕೆಯಲ್ಲೇ ಜರಿ ಸೀಳುತ್ತದೆ. ಅದಕ್ಕೇ ತಾನೇ ನಾವು ಆಗಾಗ ಬಿಚ್ಚಿ ಮಡಿಕೆ ಬದಲಿಸುವುದು? ಮೈಯೂ ಹಾಗೇ. ಓಡಿದಾಗ ಮೂಳೆಯಲ್ಲಿ, ಸ್ನಾಯುರಜ್ಜುಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಸವೆತ ಆಗುತ್ತದೆ. ವಿಶ್ರಾಂತಿ ಸಿಕ್ಕಾಗ ದೇಹ ಅದನ್ನು ದುರಸ್ತಿ ಮಾಡಿ ಮೊದಲಿಗಿಂತ ಗಟ್ಟಿ ಮಾಡುತ್ತದೆ. ದುರಸ್ತಿಗೆ ಪುರುಸೊತ್ತು ಕೊಡದೇ ಮತ್ತೆ ಮತ್ತೆ ಓಡಿದರೆ ಸವೆತ ಗೆಲ್ಲುತ್ತದೆ.

ಇನ್ನೊಂದು ಗುಟ್ಟಿದೆ. ಉಸಿರು ಬೇಗ ಪಳಗುತ್ತೆ, ಮೂಳೆ ನಿಧಾನ. ಒಂದೆರಡು ತಿಂಗಳಲ್ಲೇ ಏದುಸಿರು ನಿಂತು "ಇನ್ನೂ ಓಡಬಲ್ಲೆ" ಅನ್ನಿಸತೊಡಗುತ್ತದೆ. ಮೂಳೆ, ರಜ್ಜುಗಳು ಅಷ್ಟರಲ್ಲಿ ತಯಾರಾಗಿರುವುದಿಲ್ಲ. ಹುಮ್ಮಸ್ಸು ಹೆಚ್ಚಿರುವ ಹೊತ್ತಿಗೇ ಗಾಯ ಆಗುವುದು ಅದಕ್ಕೇ.

ನಮ್ಮೂರಲ್ಲೂ ಈ ಮೂರೂ ಇತ್ತು, ಹೆಸರು ಇರಲಿಲ್ಲ ಅಷ್ಟೇ. ನಮ್ಮಪ್ಪ ಬಾವಿಯಲ್ಲಿ ಈಜುತ್ತಿದ್ದರು, ಮೂಟೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ಸಂತೆಗೆ ಹೋಗುತ್ತಿದ್ದರು, ಹೊಲಕ್ಕೆ ನುಗ್ಗಿದ ದನ ಅಟ್ಟಲು ಓಡುತ್ತಿದ್ದರು. ಆದರೆ ಅವರು ಅದನ್ನು ಎಂಟನೇ ವಯಸ್ಸಿನಿಂದ ದಿನಾ ಸ್ವಲ್ಪ ಸ್ವಲ್ಪ ಮಾಡುತ್ತಾ ಬಂದವರು. ನಾವು ಹತ್ತು ವರ್ಷ ಸೋಫಾ ಮೇಲೆ ಕೂತು, ಹನ್ನೆರಡೇ ವಾರದಲ್ಲಿ ಎಲ್ಲಾ ಸಾಧಿಸಿಬಿಡಬೇಕು ಅಂತೀವಿ!

ಈಜು: ಭುಜ ಮುನಿಸಿಕೊಂಡಾಗ

ಈಜುವವರಿಗೆ ಮೊದಲು ಕೈಕೊಡುವುದು ಭುಜ. ಕೈಯನ್ನು ತಲೆ ಮೇಲಿಂದ ಸಾವಿರಾರು ಸಲ ತಿರುಗಿಸಿದಾಗ ಭುಜದ ಸಣ್ಣ ರಜ್ಜುಗಳು ಕೆರಳಿ ಊದಿಕೊಳ್ಳುತ್ತವೆ. ಮೇಲಿನ ಶೆಲ್ಫಿನಿಂದ ಡಬ್ಬಿ ಇಳಿಸುವಾಗ, ಬೆನ್ನ ಹಿಂದಿನ ಹುಕ್ ಹಾಕುವಾಗ ಚುಳುಕ್ ಅಂದರೆ, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗದಿದ್ದರೆ ಭುಜ ದೂರು ಹೇಳುತ್ತಿದೆ ಅಂತಲೇ ಅರ್ಥ.

ಬಹಳ ಸಲ ತಪ್ಪು ಇರುವುದು ಈಜುವ ರೀತಿಯಲ್ಲಿ. ಮೈಯನ್ನು ಎಡಕ್ಕೂ ಬಲಕ್ಕೂ ಹೊರಳಿಸದೇ ಬರೀ ಕೈಯಿಂದ ನೀರು ಎಳೆಯುವುದು, ಕೈ ತಲೆಯ ನೇರವನ್ನು ದಾಟಿ ಇನ್ನೊಂದು ಪಕ್ಕಕ್ಕೆ ಬೀಳುವುದು, ಒಂದೇ ಕಡೆ ಉಸಿರು ತೆಗೆದುಕೊಳ್ಳುವುದು. ನಾಲ್ಕು ದಿನ ದೂರ ಕಡಿಮೆ ಮಾಡಿ, ಕೋಚ್ ಹತ್ತಿರ ಕೈ ಬೀಸು ತಿದ್ದಿಸಿಕೊಳ್ಳಿ. ಕೈಗೆ ಹಾಕುವ ಪ್ಲಾಸ್ಟಿಕ್ ಹಲಗೆಗಳನ್ನು ಹೊಸಬರು ಮುಟ್ಟದಿರುವುದೇ ಕ್ಷೇಮ. ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಗೆ ಕಟ್ಟಿ ಎಳೆಯುವ ವ್ಯಾಯಾಮ ವಾರಕ್ಕೆ ಎರಡು ಮೂರು ಸಲ ಮಾಡಿದರೆ ಭುಜದ ಹಿಂಬದಿ ಗಟ್ಟಿಯಾಗುತ್ತದೆ.

ನಲವತ್ತು ದಾಟಿದವರಿಗೆ ಒಂದು ಕಿವಿಮಾತು. ಕೈ ದಿನದಿನಕ್ಕೂ ಬಿಗಿಯುತ್ತಾ, ಬೇರೆಯವರು ಎತ್ತಿದರೂ ಮೇಲೇಳದಂತೆ ಆದರೆ ಅದು ಈಜಿನ ನೋವಲ್ಲ, ಫ್ರೋಜನ್ ಶೋಲ್ಡರ್ ಇರಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಹೆಚ್ಚು. ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿಬಿಡಿ.

ಸೈಕಲ್: ಸೀಟು ಯಾರದ್ದು?

ಮನೆಯಲ್ಲಿ ಮಗನದೋ ಗಂಡನದೋ ಸೈಕಲ್ ಇದ್ದರೆ ನಾವು ಅದನ್ನೇ ತುಳಿಯುತ್ತೇವೆ. ಹೊಸದು ಯಾಕೆ, ದುಡ್ಡು ದಂಡ ಅಂತ. ಆದರೆ ಇನ್ನೊಬ್ಬರ ಅಳತೆಯ ಸೈಕಲ್ ಇನ್ನೊಬ್ಬರ ಅಳತೆಯ ರವಿಕೆ ಇದ್ದ ಹಾಗೆ! ಒಂದು ಗಂಟೆ ಹೇಗೋ ಕಳೆಯಬಹುದು, ದಿನಾ ಆಗಲ್ಲ.

ಮಂಡಿಯ ಮುಂಭಾಗ ನೋವು ಬಂದರೆ ಸೀಟು ತೀರಾ ಕೆಳಗಿರಬಹುದು. ಮಂಡಿಯ ಹಿಂಭಾಗ ನೋವು ಬಂದರೆ ತೀರಾ ಮೇಲಿರಬಹುದು. ಪರೀಕ್ಷೆ ಸುಲಭ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಅತ್ಯಂತ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೇರ ಆಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಅದು ಸರಿಯಾದ ಎತ್ತರ.

ಹ್ಯಾಂಡಲ್ ತುಂಬಾ ದೂರ ಇದ್ದರೆ ಸೊಂಟ, ಕತ್ತು ಹಿಡಿದುಕೊಳ್ಳುತ್ತದೆ. ಅಂಗೈ ಒತ್ತಿ ಕಿರುಬೆರಳು ಜೋಮು ಹಿಡಿಯುತ್ತದೆ. ಹಿಡಿತ ಆಗಾಗ ಬದಲಿಸಿ, ಮೊಣಕೈ ಸ್ವಲ್ಪ ಮಡಚಿರಲಿ. ಭಾರದ ಗಿಯರ್‌ನಲ್ಲಿ ಒದ್ದಾಡಿ ತುಳಿಯುವುದಕ್ಕಿಂತ ಹಗುರ ಗಿಯರ್‌ನಲ್ಲಿ ಬೇಗ ಬೇಗ ತುಳಿಯುವುದು ಮಂಡಿಗೆ ಹಿತ.

ಹೇಳಲು ನಾಚುವ ಒಂದು ತೊಂದರೆಯೂ ಇದೆ. ಸೀಟು ಒತ್ತಿ ಕೂರುವ ಜಾಗದಲ್ಲಿ ಉಜ್ಜಿ ಗಾಯ, ಕುರು, ಮರಗಟ್ಟುವಿಕೆ. ಮೆತ್ತೆ ಇರುವ ಸೈಕಲ್ ಚಡ್ಡಿಯನ್ನು ಒಳಉಡುಪಿಲ್ಲದೇ ಹಾಕಿಕೊಳ್ಳಬೇಕು. ಒಳಗಿನ ಹೊಲಿಗೆಯೇ ಉಜ್ಜುವುದು. ಇಳಿದ ಕೂಡಲೇ ಒದ್ದೆ ಬಟ್ಟೆ ಬದಲಿಸಿ. ಹೆಂಗಸರ ಕೂರುವ ಮೂಳೆಗಳ ಅಂತರ ಸಾಮಾನ್ಯವಾಗಿ ಹೆಚ್ಚು, ಆದ್ದರಿಂದ ಹಿಂಬದಿ ಅಗಲವಿರುವ ಸೀಟು ಬೇಕಾಗಬಹುದು. ಮರಗಟ್ಟುವುದು ಪದೇ ಪದೇ ಆದರೆ ಸುಮ್ಮನಿರಬೇಡಿ.

ಬಿದ್ದರೆ? ಹೆಲ್ಮೆಟ್ ಇಲ್ಲದೇ ಗೇಟ್ ದಾಟಬಾರದು, ಇದರಲ್ಲಿ ರಾಜಿ ಇಲ್ಲ. ನಂದಿ ಬೆಟ್ಟದ ಕಡೆ ಹೊರಡುವವರಿಗಂತೂ ಬೆಳಗಿನ ಕತ್ತಲಿಗೆ ಹಿಂದೆ ಮುಂದೆ ದೀಪ ಇರಲೇಬೇಕು. ತರಚಿದ ಗಾಯವನ್ನು ನಲ್ಲಿ ನೀರು, ಸೋಪಿನಿಂದ ಚೆನ್ನಾಗಿ ತೊಳೆಯಿರಿ. ಕಾಫಿಪುಡಿ, ಅರಿಶಿನ, ಸುಣ್ಣ ಮೆತ್ತಬೇಡಿ. ಒಳಗೆ ಕಸ ಸೇರಿಕೊಂಡು ಕೀವಾಗುತ್ತದೆ. ಟಿ.ಟಿ. ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಅಂತ ಡಾಕ್ಟರಿಗೆ ಹೇಳಿ.

ಓಟ: ಎಲ್ಲಿ ನೋವು, ಏನರ್ಥ?

ಟ್ರಯಥ್ಲಾನ್‌ನಲ್ಲಿ ಓಟ ಬರುವುದು ಕೊನೆಗೆ, ಮೈ ದಣಿದ ಮೇಲೆ. ಸೈಕಲ್ ಇಳಿದ ಕಾಲು ಮರದ ಕೊರಡಿನ ಹಾಗಿರುತ್ತದೆ. ಆ ದಣಿವಿನಲ್ಲಿ ಹೆಜ್ಜೆ ತಪ್ಪುವುದು ಸಹಜ. ನೋವು ಎಲ್ಲಿದೆ ಅನ್ನುವುದನ್ನು ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

* ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮುಳ್ಳು ಚುಚ್ಚಿದ ಹಾಗೆ ಆಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆ ಆದರೆ ಅದು ಅಂಗಾಲಿನ ಪಟ್ಟಿ ಕೆರಳಿದ್ದು. ಮನೆಯೊಳಗೆ ಗಟ್ಟಿ ಟೈಲ್ಸ್ ಮೇಲೆ ಬರಿಗಾಲಲ್ಲಿ ಓಡಾಡುವುದು ನಿಲ್ಲಿಸಿ, ಮೆತ್ತನೆ ಚಪ್ಪಲಿ ಹಾಕಿ. ಮೀನಖಂಡ, ಅಂಗಾಲು ಎಳೆಯುವ ವ್ಯಾಯಾಮ ಮಾಡಿ.

* ಹಿಮ್ಮಡಿಯ ಹಿಂದೆ ಮೇಲ್ಗಡೆ ದಪ್ಪ ಹಗ್ಗದಂಥ ರಜ್ಜು ಬೆಳಿಗ್ಗೆ ಬಿಗಿಯಾಗಿ ನೋಯುತ್ತಿದ್ದರೆ ಏರುಹಾದಿ, ವೇಗದ ಓಟ ಬಿಡಿ. "ಟಪ್" ಅಂತ ಸದ್ದಾಗಿ ಹಿಂದಿನಿಂದ ಯಾರೋ ಒದ್ದ ಹಾಗೆ ಅನ್ನಿಸಿದರೆ ರಜ್ಜು ಹರಿದಿರಬಹುದು, ಅವತ್ತೇ ಡಾಕ್ಟರು.

* ಮೆಟ್ಟಿಲಿಳಿಯುವಾಗ, ಬಹಳ ಹೊತ್ತು ಕೂತು ಏಳುವಾಗ ಮಂಡಿ ಚಿಪ್ಪಿನ ಸುತ್ತ ನೋವು ಬಂದರೆ ತೊಡೆ, ಪಿರ್ರೆಯ ಸ್ನಾಯು ದುರ್ಬಲ ಅಂತ ಬಹಳ ಸಲ ಅರ್ಥ. ಮಂಡಿಯ ಹೊರಪಕ್ಕ ಚುಚ್ಚಿದರೆ, ಅದೂ ಓಟದ ನಡುವೆ ಒಂದೇ ದೂರಕ್ಕೆ ಶುರುವಾದರೆ, ತೊಡೆಯ ಹೊರಗಿನ ಪಟ್ಟಿಯ ಕೆರಳಿಕೆ ಇರಬಹುದು.

* ಮಂಡಿ ಕೆಳಗಿನ ಮೂಳೆಯ ಉದ್ದಕ್ಕೂ ಹರಡಿದ ನೋವಿದ್ದರೆ ಅದು ಶಿನ್ ಸ್ಪ್ಲಿಂಟ್ಸ್ ಇರಬಹುದು. ಒಂದೇ ಬೆರಳಿನಲ್ಲಿ ತೋರಿಸುವಂಥ ಒಂದೇ ಜಾಗ, ಓಡುತ್ತಾ ಹೋದಷ್ಟೂ ಹೆಚ್ಚುವ ನೋವು, ಕೊನೆಗೆ ನಡೆದರೂ, ಮಲಗಿದರೂ ಕಾಡುವ ನೋವು ಆದರೆ ಮೂಳೆ ಬಿರುಕು ಅಂತ ಅನುಮಾನಿಸಿ. ನಮ್ಮಮ್ಮನ ಹೆಬ್ಬೆರಳು ಕಂಡುಹಿಡಿದದ್ದು ಇದನ್ನೇ. "ಕುಂಟುಕಾಲಲ್ಲಿ ಹಾರಿ ನೋಡು" ಅಂತ ಪರೀಕ್ಷೆ ಮಾಡಲು ಮಾತ್ರ ಹೋಗಬೇಡಿ, ಬಿರುಕು ದೊಡ್ಡದಾದೀತು.

ತೊಡೆಸಂದಿಯ ನೋವನ್ನಂತೂ ಹಗುರ ಮಾಡಲೇಬಾರದು. ತೊಡೆಮೂಳೆಯ ಕುತ್ತಿಗೆಯಲ್ಲಿ ಬಿರುಕು ಬಿಟ್ಟಿದ್ದರೆ ಅದು ಪೂರ್ತಿ ಮುರಿಯುವ ಅಪಾಯವಿದೆ.

ಬೂಟಿನ ವಿಷಯಕ್ಕೆ ಬಂದರೆ, ಸುಮಾರು 500ರಿಂದ 800 ಕಿ.ಮೀ. ಓಡಿದ ಮೇಲೆ ಅದರ ಮೆತ್ತೆ ಸತ್ತಿರುತ್ತದೆ. ಮೇಲೆ ಹೊಸದಾಗಿ ಕಂಡರೂ ಅದನ್ನು ತರಕಾರಿ ತರಲು ಹಾಕಿಕೊಳ್ಳಿ.

ಬಿಸಿಲು ಮತ್ತು ನೀರು

ಏಪ್ರಿಲ್ ತಿಂಗಳಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟ ಮಧ್ಯಾಹ್ನ ಕಾದ ಕಾವಲಿ ಆಗಿರುತ್ತದೆ. ಅಂಥ ಬಿಸಿಲಲ್ಲಿ ಓಡಿದರೆ ಮೈಶಾಖ ತಪ್ಪಿಸಿಕೊಂಡು ಹೋಗಲು ದಾರಿಯೇ ಸಿಗುವುದಿಲ್ಲ. ಓಡುವವರು ತೊದಲತೊಡಗಿದರೆ, ದಿಕ್ಕು ತಪ್ಪಿದರೆ, ಅಸಂಬದ್ಧ ಮಾತಾಡಿದರೆ ಅದು ಸುಸ್ತಲ್ಲ, ಬಿಸಿಲಿನ ಹೊಡೆತ. ಮೊದಲು ತಂಪು, ಆಮೇಲೆ ಸಾಗಾಟ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈತುಂಬ ತಣ್ಣೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. "ಕುಡಿ, ಕುಡಿ" ಅಂತ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಸುವುದು. ಗಂಟೆಗಟ್ಟಲೆ ನಡೆಯುವ ಸ್ಪರ್ಧೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಬೆರಳು ಊತ, ಗೊಂದಲ, ಫಿಟ್ಸ್‌ವರೆಗೂ ಹೋಗಬಹುದು. ಬಾಯಾರಿದಷ್ಟು ಕುಡಿಯಿರಿ. ದೀರ್ಘ ತಾಲೀಮಿಗೆ ಓಆರ್‌ಎಸ್ ಜೊತೆಗಿರಲಿ, ಮುಗಿದ ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆ ಇರಲಿ.

1982ರ ಹವಾಯಿ ಐರನ್‌ಮ್ಯಾನ್‌ನಲ್ಲಿ ಹೆಂಗಸರಲ್ಲಿ ಮುಂದಿದ್ದ ಜೂಲಿ ಮಾಸ್ ಗುರಿಯ ಹತ್ತಿರ ಕುಸಿದು ಬಿದ್ದು, ಇನ್ನೊಬ್ಬಳು ದಾಟಿ ಹೋದ ಮೇಲೂ ಅಂಬೆಗಾಲಿಟ್ಟು ಗೆರೆ ಮುಟ್ಟಿದಳು. ಟಿ.ವಿ.ಯಲ್ಲಿ ನೋಡಿದ ಜಗತ್ತು ಕಣ್ಣೀರು ಹಾಕಿತು, ಈ ಆಟಕ್ಕೆ ಹೆಸರೂ ಬಂತು. ನೋಡಲು ರೋಮಾಂಚನವೇ. ಆದರೆ ನಮ್ಮ ಮನೆಯ ಹುಡುಗಿ ಹಾಗೆ ತೆವಳಿದರೆ ಚಪ್ಪಾಳೆ ಹೊಡೆಯುತ್ತೇವೋ, ಎತ್ತಿಕೊಳ್ಳಲು ಓಡುತ್ತೇವೋ? ನಾನು ಚಪ್ಪಾಳೆ ಹೊಡೆಯುವವರ ಸಾಲಿನಲ್ಲಿದ್ದೆ ಅನ್ನುವುದೇ ನನಗೀಗ ನಾಚಿಕೆ.

ಡಾಕ್ಟರು ಕೇಳಿದ ಪ್ರಶ್ನೆ

ಎಂಆರ್‌ಐ ನೋಡಿದ ಡಾಕ್ಟರು ಮಗಳನ್ನು ಕೇಳಿದ ಮೊದಲ ಪ್ರಶ್ನೆ ಕಾಲಿನದ್ದಲ್ಲ. "ಪೀರಿಯಡ್ಸ್ ಸರಿಯಾಗಿ ಆಗ್ತಿದೆಯಾ?" ಮಗಳು ತಲೆ ತಗ್ಗಿಸಿದಳು. ನಾಲ್ಕು ತಿಂಗಳಿಂದ ಆಗಿರಲಿಲ್ಲ. ನನಗೆ ಗೊತ್ತೇ ಇರಲಿಲ್ಲ! ಮೈ ಇಳಿದಿದೆ, ಚೆನ್ನಾಗಿ ಕಾಣುತ್ತಾಳೆ ಅಂತ ನಾನು ಹೆಮ್ಮೆಪಡುತ್ತಿದ್ದೆ. ಅವಳು ಅನ್ನ ಬಿಟ್ಟು, ರಾತ್ರಿ ಎರಡು ಹೋಳು ಸೌತೆಕಾಯಿ ತಿಂದು ಮಲಗುತ್ತಿದ್ದಳು.

ಖರ್ಚು ಮಾಡುವಷ್ಟು ಶಕ್ತಿ ಊಟದಿಂದ ಬರದಿದ್ದಾಗ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಸಂಸಾರದಲ್ಲಿ ದುಡ್ಡು ಸಾಲದಾದಾಗ ನಾವು ಮಾಡುವ ಹಾಗೇ. ಮೊದಲು ಕಡಿತ ಮಾಡುವುದು ಮುಟ್ಟಿನ ಖಾತೆಯನ್ನು. ಈಸ್ಟ್ರೋಜನ್ ಕಡಿಮೆಯಾಗಿ ಮೂಳೆ ಬಡವಾಗುತ್ತದೆ. ಆಟಗಾರರಲ್ಲಿ ಕಾಣುವ ಈ ಶಕ್ತಿಯ ಕೊರತೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಒಂದು ಹೆಸರನ್ನೇ ಕೊಟ್ಟರು: ರೆಡ್-ಎಸ್. ಗಂಡುಮಕ್ಕಳಿಗೂ ಇದು ಬರುತ್ತದೆ, ಆದರೆ ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವುದು ಮುಂಚೆಯೇ ಬಡಿಯುವ ಗಂಟೆ. "ಕಷ್ಟಪಟ್ಟು ಆಡುವವರಿಗೆ ಹಾಗೆ ಆಗುತ್ತೆ ಬಿಡು" ಅನ್ನುವ ಮಾತನ್ನು ನಂಬಬೇಡಿ. ಮೂರು ತಿಂಗಳು ಮುಟ್ಟಾಗದಿದ್ದರೆ ಡಾಕ್ಟರಿಗೆ ತೋರಿಸಿ.

ಜೊತೆಗೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಓಟಕ್ಕೆ ಹೊರಡುವ ಮುಂಚೆಯೇ ಅರ್ಧದಷ್ಟು ಮಂದಿ ಖಾಲಿ ಟ್ಯಾಂಕಿನವರು! ತಾಲೀಮು ಶುರು ಮಾಡುವ ಮೊದಲು ಹಿಮೋಗ್ಲೋಬಿನ್, ಫೆರಿಟಿನ್, ವಿಟಮಿನ್ ಡಿ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ. ತಟ್ಟೆಯಲ್ಲಿ ರಾಗಿಮುದ್ದೆ, ಹುರುಳಿ ಸಾರು, ಸೊಪ್ಪು, ಮೊಟ್ಟೆ, ಮೊಸರು, ಕಡಲೆಕಾಯಿ ಇರಲಿ. ಸೊಪ್ಪಿಗೆ ನಿಂಬೆಹಣ್ಣು ಹಿಂಡಿ. ಊಟದ ಜೊತೆಗೇ ಕಾಫಿ, ಟೀ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ.

ಇನ್ನೊಂದು ಮಾತು ಹೆರಿಗೆಯಾದ ನಮ್ಮಂಥವರಿಗೆ. ಓಡುವಾಗ, ಹಾರುವಾಗ ಮೂತ್ರ ಜಿನುಗಿದರೆ "ವಯಸ್ಸಾಯ್ತು" ಅಂತ ಓಟ ಬಿಡುವವರೇ ಹೆಚ್ಚು. ಇದು ಕಿಬ್ಬೊಟ್ಟೆಯ ತಳದ ಸ್ನಾಯುಗಳ ದುರ್ಬಲತೆ. ಸರಿಯಾದ ವ್ಯಾಯಾಮದಿಂದ ಬಹಳ ಮಂದಿಗೆ ಗುಣ ಕಾಣುತ್ತದೆ. ಫಿಸಿಯೋಥೆರಪಿಸ್ಟ್ ಹತ್ತಿರ ಸಂಕೋಚ ಬಿಟ್ಟು ಹೇಳಿ.

ಮನೆಯಲ್ಲಿ ತಕ್ಷಣ ಏನು ಮಾಡಬೇಕು?

* ನೋವು ಕೊಡುವ ಕೆಲಸ ನಿಲ್ಲಿಸಿ. ಒಂದೆರಡು ದಿನ ವಿಶ್ರಾಂತಿ ಕೊಡಿ, ಆಮೇಲೆ ನೋವಿಲ್ಲದಷ್ಟು ಅಲುಗಾಡಿಸಿ. ವಾರಗಟ್ಟಲೆ ಮಂಚ ಹಿಡಿಯುವುದೂ ಒಳ್ಳೆಯದಲ್ಲ.
* ಐಸನ್ನು ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ನೇರ ಚರ್ಮಕ್ಕೆ ಬೇಡ.
* ಊತ ಇದ್ದರೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲು ದಿಂಬಿನ ಮೇಲೆ ಎತ್ತರಿಸಿಡಿ.
* ಮೊದಲ ಎರಡು ದಿನ ಬಿಸಿ ಎಣ್ಣೆ ತಿಕ್ಕಿ ನೀವಿಸುವುದು, ಬಿಸಿ ಶಾಖ ಬೇಡ. ಮೂಳೆ ಮುರಿದ ಅನುಮಾನ ಇದ್ದರೆ ಎಳೆಸಿ ಕಟ್ಟಿಸುವ ಮೊದಲು ಎಕ್ಸ್‌ರೇ.
* ಓಡುವ ಮುಂಚೆ ನೋವಿನ ಮಾತ್ರೆ ನುಂಗುವ ಅಭ್ಯಾಸ ಬಹಳ ಕೆಟ್ಟದ್ದು. ನೋವು ಮುಚ್ಚಿಹೋಗಿ ಗಾಯ ಬೆಳೆಯುತ್ತದೆ. ಬೆವರಿ ನೀರಾರಿದ ಮೈಯಲ್ಲಿ ಐಬುಪ್ರೊಫೆನ್, ಡೈಕ್ಲೊಫಿನಾಕ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ, ಹೊಟ್ಟೆಗೆ ಪೆಟ್ಟು ಕೊಡಬಹುದು.

ಇವಿದ್ದರೆ ತಡ ಮಾಡಬೇಡಿ

* ಎದೆ ನೋವು, ಎದೆ ಬಡಿತದಲ್ಲಿ ಏರುಪೇರು, ಓಡುವಾಗ ಕಣ್ಣು ಕತ್ತಲೆ
* ಕಾಲೂರಿ ನಾಲ್ಕು ಹೆಜ್ಜೆ ಇಡಲಾಗದ ನೋವು
* ರಾತ್ರಿ ನಿದ್ದೆಗೆಡಿಸುವ, ಒಂದೇ ಜಾಗದ ಮೂಳೆ ನೋವು
* ಒಂದು ಮೀನಖಂಡ ಮಾತ್ರ ಊದಿ, ಬಿಸಿಯಾಗಿ, ನೋಯುವುದು
* ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ, ಮಂಪರು
* ಕಡು ಕಂದು ಬಣ್ಣದ ಮೂತ್ರ
* ಎರಡು ವಾರ ವಿಶ್ರಾಂತಿ ಕೊಟ್ಟರೂ ಬಗ್ಗದ ನೋವು

ಗಾಯವೇ ಆಗದಂತೆ

ವಾರಕ್ಕೆ ಶೇ 10ಕ್ಕಿಂತ ಹೆಚ್ಚು ದೂರ ಏರಿಸಬಾರದು ಅನ್ನುವ ರೂಢಿಮಾತಿದೆ. ಅದೇನು ಶಿಲಾಶಾಸನ ಅಲ್ಲ, ಹುಮ್ಮಸ್ಸಿಗೆ ಹಾಕಿದ ಮೂಗುದಾರ ಅಂದುಕೊಳ್ಳಿ. ವಾರಕ್ಕೊಂದು ದಿನ ಪೂರ್ತಿ ರಜೆ. ಮೂರು ವಾರ ಏರಿಸಿದರೆ ನಾಲ್ಕನೇ ವಾರ ಇಳಿಸಿ. ದೂರ, ವೇಗ ಎರಡನ್ನೂ ಒಂದೇ ವಾರ ಹೆಚ್ಚಿಸಬೇಡಿ. ವಾರಕ್ಕೆ ಎರಡು ದಿನ ತೊಡೆ, ಪಿರ್ರೆ, ಹೊಟ್ಟೆ, ಬೆನ್ನಿನ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿ. ಏಳೆಂಟು ಗಂಟೆ ನಿದ್ದೆ. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಬೆಳಿಗ್ಗೆ ನಾಲ್ಕಕ್ಕೆ ಓಡಲು ಎದ್ದರೆ ದುರಸ್ತಿ ಆಗುವುದಾದರೂ ಯಾವಾಗ? ನೀವು ಓಡಲೇಬೇಕು ಅಂತಿದ್ದರೆ ಪಾತ್ರೆಯನ್ನು ಮನೆಯಲ್ಲಿ ಇನ್ನೊಬ್ಬರು ತೊಳೆಯಲಿ. ಇದನ್ನೂ ಡಾಕ್ಟರ ಸಲಹೆ ಅಂತಲೇ ಹೇಳಿ!

ಟ್ರಯಥ್ಲಾನ್‌ನಲ್ಲಿ ಒಂದು ಅನುಕೂಲವೂ ಇದೆ. ಆಟ ಮೂರು, ಹಾಗಾಗಿ ಒಂದು ನಿಂತರೂ ಇನ್ನೆರಡು ಉಳಿದಿರುತ್ತವೆ. ಮಗಳಿಗೆ ಎರಡು ತಿಂಗಳು ಓಟ ಬಂದ್ ಆಯಿತು. ಆದರೆ ಡಾಕ್ಟರು ಒಪ್ಪಿದ ಮೇಲೆ ಕಾಲು ಒದೆಯದೇ ಈಜಿದಳು, ಆಮೇಲೆ ನಿಧಾನಕ್ಕೆ ಸೈಕಲ್ ಹತ್ತಿದಳು. ನೋವಿಲ್ಲದೇ ನಡೆಯುವುದು ಬಂದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ತಟ್ಟೆಗೆ ಮುದ್ದೆ ವಾಪಸು ಬಂತು. ಮೂರನೇ ತಿಂಗಳಿಗೆ ಮುಟ್ಟೂ ಬಂತು. ಆ ದಿನ ನಾನು ಪಾಯಸ ಮಾಡಿದೆ, ಯಾಕೆ ಅಂತ ಯಜಮಾನರಿಗೆ ಗೊತ್ತಾಗಲಿಲ್ಲ.

ಅವತ್ತು ಐ.ಡಿ.ಹಳ್ಳಿಯಲ್ಲಿ ಅಮ್ಮನಿಗೆ ಯಾಕೆ ಅಷ್ಟು ಸಿಟ್ಟು ಬಂದಿತ್ತು ಅಂತ ಆಮೇಲೆ ಕೇಳಿದೆ. "ನೀರಿನ ಕೊಡ ಹೊತ್ತು ಹೊತ್ತು ನನ್ನ ಮಂಡಿ ಹೋದಾಗ ನಿಮ್ಮಜ್ಜಿ ನಂಗೂ ಇದನ್ನೇ ಹೇಳಿದ್ಲು, ತಡ್ಕೋ ಅಂತ. ತಡ್ಕೊಂಡೆ. ಈಗ ನೆಲದ ಮೇಲೆ ಕೂತು ಪೂಜೆ ಮಾಡಕ್ಕಾಗಲ್ಲ. ನೀನು ಅದನ್ನೇ ನಿನ್ ಮಗಳಿಗೆ ಹೇಳ್ತಿದ್ಯಲ್ಲೇ" ಅಂದರು.

ಮೂವತ್ತು ವರ್ಷದಲ್ಲಿ ಅವರ ಮಂಡಿ ಬಗ್ಗೆ ನಾನು ಒಮ್ಮೆಯೂ ಕೇಳಿರಲಿಲ್ಲ.

ಮೊನ್ನೆ ತಾಲೀಮಿನ ನಡುವೆ ಮಗಳು ಫೋನ್ ಮಾಡಿದಳು. "ಅಮ್ಮಾ, ಮೀನಖಂಡ ಹಿಡೀತಿದೆ. ಇವತ್ತು ನಿಲ್ಲಿಸಿ ಆಟೋದಲ್ಲಿ ಬರ್ತೀನಿ." ಬಾ ಅಂದೆ. ಅಷ್ಟೇ ಅಂದೆ. ಮುಂದಿನ ವಾರ ಅಮ್ಮನನ್ನು ಬೆಂಗಳೂರಿಗೆ ಕರೆಸಿಕೊಳ್ಳುತ್ತಿದ್ದೇನೆ, ಮಂಡಿ ತೋರಿಸಲು. "ನಂಗ್ಯಾಕೆ ಈ ವಯಸ್ನಲ್ಲಿ" ಅಂತ ಶುರು ಮಾಡಿದರು. ಫೋನ್ ಕಿತ್ತುಕೊಂಡ ಮಗಳು "ಅಜ್ಜೀ, ತಡ್ಕೋಬಾರ್ದು ಅಂತ ಹೇಳಿದ್ದು ಯಾರು?" ಅಂದಳು. ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಬೆಳಗ್ಗೆ ಬಸ್ಸಿಗೆ ಬರ್ತೀನಿ ಬಿಡು."